ಹೊಗೆಯ ಎತ್ತು

ಬಹಳ ಹಿಂದೆ, ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಹೊಳೆದಂಡೆಯಲ್ಲಿ ಗಾಣದ ಮಾಳವ್ವ ಎಣ್ಣೆ ತೆಗೆದು ಬದುಕುತ್ತಿದ್ದಳು.

ಒಮ್ಮೆ ಹೊಳೆಯಾಚೆ ಶತ್ರುಸೈನ್ಯ ಬಂದಿಳಿಯಿತು. ಅವರಿಗೆ ಏನೂ ದಕ್ಕಬಾರದೆಂದು ರಾಜ ದಂಡೆಯ ಮನೆ, ಕಣಜ, ದೋಣಿಗಳನ್ನು ಸುಡಿಸಿದ; ಎಣ್ಣೆ ಅವರ ಪಂಜುಗಳಿಗೆ ಸಿಗಬಾರದೆಂದು ಗಾಣವನ್ನೂ ಸುಡಿಸಿದ. ರಾಜನ ಸೈನಿಕರಿಗೆ ಅವಸರ. ಮಾಳವ್ವನನ್ನು ಹೊರಗೆಳೆದರು, ನೊಗದಲ್ಲಿದ್ದ ಎತ್ತನ್ನು ಬಿಚ್ಚಲಿಲ್ಲ. ಶತ್ರುವೋ ಹೊಳೆ ದಾಟದೆ ಹಿಂದಿರುಗಿದ.

ಬೆಳಗಾದಾಗ ಬೂದಿಯ ಮೇಲೆ ಎತ್ತು ಸುತ್ತುತ್ತಿತ್ತು. ಮೈಯೆಲ್ಲ ಹೊಗೆ. ಗೊರಸಿನ ಸದ್ದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ದರಿಂದ ತಾನು ಸತ್ತದ್ದು ಅದಕ್ಕೆ ಗೊತ್ತಾಗಿರಲಿಲ್ಲ. ಬಿಚ್ಚಹೋದರೆ ಮಾಳವ್ವನ ಕೈ ಹೊಗೆಯೊಳಗೆ ತೂರಿಹೋಯಿತು. ಗಾಣ ನಿಲ್ಲಿಸಿದವರೇ ಎತ್ತಿನ ಕಣ್ಣುಬಟ್ಟೆ ಬಿಚ್ಚಬೇಕು. ಅದು ಗಾಣಿಗರ ಕಟ್ಟಳೆ.

“ಗಾಣ ಸುಡಿಸಿ ನಿಲ್ಲಿಸಿದವನನ್ನು ಕರೆತರುತ್ತೇನೆ, ಮಗನೇ,” ಎಂದು ಎತ್ತಿಗೆ ಹೇಳಿ ಅರಮನೆಗೆ ಹೊರಟಳು.

ಅರಮನೆಯ ಮೊದಲ ಬಾಗಿಲಲ್ಲಿ ಕಲ್ಲಿನ ಹಾವು ಹೆಡೆಯೆತ್ತಿತು. “ಸುಟ್ಟದ್ದು ಯುದ್ಧ. ರಾಜನಲ್ಲ.”

“ಯುದ್ಧಕ್ಕೆ ಕೈ ಇದೆಯೇನಪ್ಪ? ಪಂಜು ಹಿಡಿದವರು ರಾಜನ ಆಳುಗಳು.”

ಹಾವು ಹೆಡೆ ಮಡಚಿತು.

ಎರಡನೆಯ ಬಾಗಿಲಲ್ಲಿ ಕಂಚಿನ ಹುಲಿ. “ಹೇಗೂ ಶತ್ರು ಬಂದು ಸುಡುತ್ತಿದ್ದ.”

“ಸುಟ್ಟಿದ್ದರೆ ಅವನನ್ನೇ ಬೈದು ಸುಮ್ಮನಾಗುತ್ತಿದ್ದೆ. ಅವನು ಹೊಳೆ ದಾಟಲೇ ಇಲ್ಲವಲ್ಲ, ಹುಲಿಯಣ್ಣ.”

ಹುಲಿ ಬಾಲ ಮುದುರಿತು.

ಮೂರನೆಯ ಬಾಗಿಲಲ್ಲಿ ಮಂತ್ರಿ ಕರಾಳಕ ನಿಂತಿದ್ದ. ಅವನು ಮಂತ್ರವಾದಿ, ಅವನಿಗೆ ನೆರಳಿರಲಿಲ್ಲ. ಪ್ರಜೆಗಳ ದೂರು ಒಂದೂ ಕೇಳದಂತೆ ರಾಜನ ಕಿವಿಗಳನ್ನು ಮಂತ್ರದಿಂದ ಮುಚ್ಚಿದ್ದ.

“ರಾಜ್ಯ ಉಳಿಸಲು ಸುಟ್ಟದ್ದು, ಮುದುಕಿ. ಉಳಿಸಿದವನನ್ನೇ ಕೇಳಲು ಬಂದೆಯಾ?”

“ರಾಜ್ಯ ಉಳಿಯಿತು, ಸಂತೋಷ. ನೀನೂ ಉಳಿದೆ. ಎಲ್ಲರೂ ಉಳಿಯಲೆಂದು ನನ್ನ ಗಾಣ ಸುಟ್ಟದ್ದನ್ನು ನಾನೊಬ್ಬಳೇ ಹೊರಬೇಕೆ?”

ಕರಾಳಕ ಬಾಯಿ ತೆರೆದ. ಮಾತು ಬರಲಿಲ್ಲ, ಬೂದಿ ಸುರಿಯಿತು. ಸುರಿದು ಸುರಿದು, ಕೊನೆಗೆ ಅವನ ಬಟ್ಟೆಯಷ್ಟೇ ನೆಲದಲ್ಲಿ ಬಿದ್ದಿತ್ತು.

ಮಂತ್ರ ಕಳಚಿ ಒಳಗೆ ರಾಜನ ಕಿವಿ ತೆರೆಯಿತು, ಮಾಳವ್ವನ ಮಾತು ಅದಕ್ಕೆ ಬಿತ್ತು. ಅವನು ಹೊರಗೆ ಬಂದು ತಲೆ ತಗ್ಗಿಸಿದ. “ಸುಡಿಸಿದವನು ನಾನೇ, ಅವ್ವ.”

“ನನಗೆ ಗೊತ್ತು, ದೊರೆ. ಎತ್ತಿಗೆ ಗೊತ್ತಿಲ್ಲ. ಬನ್ನಿ.”

ರಾಜ ಬರಿಗಾಲಲ್ಲಿ ಬೂದಿಗಿಳಿದು ಕಣ್ಣುಬಟ್ಟೆ ಬಿಚ್ಚಿದ. ಅವನ ಬೆರಳಿಗೆ ಗಂಟು ಸಿಕ್ಕಿತು. ಎತ್ತು ನಿಂತು ಸುತ್ತಲೂ ನೋಡಿತು. ಗಾಣವಿಲ್ಲ. ತನ್ನ ಮೈಯೂ ಇಲ್ಲ. ರಾಜನ ಅಂಗೈಯಲ್ಲಿ ತಣ್ಣನೆಯ ಉಸಿರೊಂದನ್ನು ಬಿಟ್ಟು, ಹೊಳೆಯ ಮೇಲೆ ಕರಗಿಹೋಯಿತು.

ರಾಜಭಂಡಾರದ ಖರ್ಚಿನಲ್ಲಿ ಹೊಸ ಗಾಣ ಎದ್ದಿತು, ಹೊಸ ಎತ್ತು ಬಂತು. ರಾಜ ಸುಡಿಸಿದ್ದ ಮನೆ, ಕಣಜ, ದೋಣಿಗಳೆಲ್ಲ ಹಾಗೆಯೇ ಎದ್ದವು. ಮನೆಮನೆಯಲ್ಲೂ ದೀಪ ಹತ್ತಿತು. ಎಲ್ಲರೂ ಹೊಟ್ಟೆ ತುಂಬ ಉಂಡು ಮಲಗಿದರು. ಆಮೇಲೆ ಬಹಳ ಕಾಲ ಆ ರಾಜ್ಯದಲ್ಲಿ ಯಾರ ನಿದ್ದೆಯೂ ಕೆಡಲಿಲ್ಲ, ರಾಜನದೂ.