ಬಾಯಾರಿಕೆ ಇಲ್ಲದ ತಾತ

ತಾತನ ಕೈಯಲ್ಲಿ ನೀರಿನ ಬಾಟಲಿ ಇತ್ತು, ಬಾಯಾರಿಕೆ ಮಾತ್ರ ಇರಲಿಲ್ಲ. ಹಾಗೆಂದು ತಾತನೇ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದ.

“ಒಂದು ಗುಟುಕಾದ್ರೂ ಕುಡಿ ತಾತ. ತುಟಿ ನೋಡ್ಕೋ, ಒಣಗಿಹೋಗಿದೆ.”

“ನನ್ನ ತುಟಿ ನಂಗೇ ಹೇಗೆ ಕಾಣತ್ತೆ? ಸುಮ್ನೆ ಕೂತ್ಕೋ ರೀಲು.”

ತಾತ ಟೈಲರ್. ಮೊಮ್ಮಗಳು ಬಾಯಿ ತೆರೆದರೆ ದಾರ ಬಿಚ್ಚಿಕೊಂಡ ಹಾಗೆ ಮಾತು ಬರುತ್ತಿದ್ದುದರಿಂದ ಅವಳನ್ನು ರೀಲು ಎಂದೇ ಕರೆಯುತ್ತಿದ್ದ. ಈಗ ಸೂಜಿಗೆ ದಾರ ಪೋಣಿಸುವವಳೂ ಅವಳೇ. ತಾತನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೋಮವಾರ ಆಪರೇಷನ್. ಇವತ್ತು ರಕ್ತ ಪರೀಕ್ಷೆ ಆಗದಿದ್ದರೆ ಆಪರೇಷನ್‌ಗೆ ಮುಂದಿನ ದಿನಾಂಕ ಸಿಗುವುದು ಎರಡು ತಿಂಗಳ ಮೇಲೆ.

ಆಸ್ಪತ್ರೆಯ ಲ್ಯಾಬ್ ಮುಂದೆ ಟೋಕನ್ ನಲವತ್ತೊಂದು ನಡೆಯುತ್ತಿತ್ತು. ತಾತನದು ನಲವತ್ತನಾಲ್ಕು.

ಪಕ್ಕದ ಕುರ್ಚಿಯ ಅಜ್ಜಿ ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬಂದರು. ಟಾಯ್ಲೆಟ್ ಇದ್ದದ್ದು ಎರಡನೇ ಮಹಡಿಯಲ್ಲಿ.

“ನಲವತ್ತು ನಂದು ಕಣಪ್ಪ,” ಎಂದರು ಬಾಗಿಲ ಬಳಿಯ ಗಾರ್ಡ್‌ಗೆ.

“ಎರಡು ಸಲ ಕೂಗಿದ್ರು. ಹೊಸ ಟೋಕನ್ ತಗೊಳ್ಳಿ ಅಜ್ಜಿ.”

“ಹಾರ್ಕೊಂಡು ಬರೋಕೆ ನಂಗೇನು ರೆಕ್ಕೆ ಇದ್ಯಾ?”

ಗಾರ್ಡ್ ಗೋಡೆಯ ಮೇಲಿನ ಬೋರ್ಡು ತೋರಿಸಿದ: ಕೂಗಿದಾಗ ಇಲ್ಲದವರು ಹೊಸ ಟೋಕನ್ ಪಡೆಯಬೇಕು. ತಾತ ಬಾಟಲಿಯನ್ನು ಚೀಲದೊಳಗೆ ತಳ್ಳಿದ.

ತಾತನ ಸರದಿ ಬಂತು. ರಕ್ತ ತೆಗೆಯುವ ಅಕ್ಕ ಬಲಗೈಗೆ ಚುಚ್ಚಿದಳು. ಏನೂ ಬರಲಿಲ್ಲ. ಎಡಗೈಗೆ ಚುಚ್ಚಿದಳು. ಬರಲಿಲ್ಲ. ಮುಂಗೈಗೂ ಒಂದು ಸಲ ಚುಚ್ಚಿದಳು.

“ನರ ಸಿಗ್ತಾನೇ ಇಲ್ಲ ತಾತ. ನೀರು ಕುಡಿದಿಲ್ವಾ? ಕುಡೀಬಹುದು ಅಂತ ಚೀಟೀಲಿ ಬರೆದಿತ್ತಲ್ಲ.”

“ಗೊತ್ತಮ್ಮ.”

“ಮತ್ತೆ?”

ತಾತ ಅಂಗಿಯ ತೋಳು ಇಳಿಸಿಕೊಂಡ. “ಹೋದ ವಾರ ನೀರು ಕುಡ್ಕೊಂಡೇ ಬಂದಿದ್ದೆ. ಮೇಲೆ ಹೋಗಿ ಬರೋಷ್ಟರಲ್ಲಿ ನಂಬರ್ ಹೋಯ್ತು.”

ಅಕ್ಕ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. “ಈಗ ಕುಡಿದು ಹೊಸ ಟೋಕನ್ ತಗೊಳ್ಳಿ. ಹನ್ನೊಂದಕ್ಕೆ ಲ್ಯಾಬ್ ಮುಚ್ಚತ್ತೆ.”

ಹೊಸ ಟೋಕನ್ ಎಂಬತ್ತೆರಡು. ತಾತ ಬಾಟಲಿ ಪೂರ್ತಿ ಖಾಲಿ ಮಾಡಿದ. ಎಪ್ಪತ್ತೆಂಟು ಕೂಗುವ ಹೊತ್ತಿಗೆ ಕೂತಲ್ಲಿ ಕೂರಲಾರದೆ ಒದ್ದಾಡತೊಡಗಿದ.

“ಹೋಗಿ ಬಾ ತಾತ. ಜಾಗ ನಾನು ಹಿಡ್ಕೊಂಡಿರ್ತೀನಿ.”

“ನನ್ನ ಬದಲು ನಿನ್ನ ರಕ್ತ ತಗೊಳ್ತಾರಾ?” ಎಂದ ತಾತ. ಆದರೂ ಎದ್ದ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತಿದ.

ಎಂಬತ್ತೆರಡು ಕೂಗಿದಾಗ ರೀಲು ಬಾಗಿಲಿಗೆ ಅಡ್ಡ ನಿಂತಳು. “ತಾತ ಬರ್ತಿದ್ದಾರೆ. ಮೆಟ್ಟಿಲ ಮೇಲೇ ಇದ್ದಾರೆ.”

“ಪೇಷಂಟ್ ಇಲ್ಲೇ ಇರಬೇಕು ಮರಿ. ಸ್ವಲ್ಪ ಪಕ್ಕಕ್ಕೆ ಸರಿ,” ಎಂದ ಗಾರ್ಡ್.

ಎಂಬತ್ತಮೂರು ಒಳಗೆ ಹೋಯಿತು. ಹನ್ನೊಂದಾಗಿತ್ತು, ಅದೇ ಕೊನೆ. ಬಾಗಿಲು ಮುಚ್ಚಿತು.

ತಾತ ಕೆಳಗಿಳಿದು ಬಂದ. ಮುಚ್ಚಿದ ಬಾಗಿಲು ನೋಡಿದ. ಪಕ್ಕದ ಸಾಲಿನಲ್ಲಿ, ಎಕ್ಸ್‌ರೇ ಕೋಣೆಯ ಮುಂದೆ, ವಯಸ್ಸಾದವರು ಆರು ಮಂದಿ ಕೂತಿದ್ದರು. ರೀಲು ಒಬ್ಬೊಬ್ಬರ ಒಣಗಿದ ತುಟಿಯನ್ನೂ ನೋಡುತ್ತಾ ತಾತನ ಕೈ ಹಿಡಿದು ಹೊರಗೆ ನಡೆದಳು.

ಅವತ್ತು ಹೋದದ್ದು ಎರಡು ಟೋಕನ್, ಒಂದು ಸೋಮವಾರ, ಎರಡು ತಿಂಗಳು.