ಕೆಸರು ಮುಟ್ಟದ ಗಿಡುಗ

ಬಹಳ ಹಿಂದೆ, ಕಡಲು ದಿನಕ್ಕೆರಡು ಸಲ ಹೊಸಿಲ ತನಕ ಬಂದು ಹೋಗುತ್ತಿದ್ದ ಒಂದು ರಾಜ್ಯವಿತ್ತು. ನೀರಿಳಿದರೆ ಅಳಿವೆಯ ತುಂಬ ಕೆಸರು. ಆ ಕೆಸರಲ್ಲಿ ಚಿಪ್ಪಿ ಹೆಕ್ಕಿ ಬದುಕುವ ಜನಕ್ಕೆ ಮೂರು ಕಟ್ಟಳೆ. ಕೆಸರನ್ನು ರಾಜನಾದರೂ ನಡೆದೇ ದಾಟಬೇಕು. ಎಲ್ಲರೂ ಬಗ್ಗಿ ಹೆಕ್ಕುವಾಗ ಒಬ್ಬರು ತಲೆಯೆತ್ತಿ ಕಾಯಬೇಕು. ಕಾದವರ ಬುಟ್ಟಿಗೆ ಉಳಿದವರು ಒಂದೊಂದು ಬೊಗಸೆ ಹಾಕಬೇಕು.

ಒಂದು ದಿನ ಕಿಲುಬಯ್ಯನೆಂಬ ಮಾಂತ್ರಿಕ ಬಂದ. “ನನ್ನನ್ನು ಹೊತ್ತು ದಾಟಿಸಿ” ಎಂದ.

“ಯಾಕೆ, ಕಾಲು ಮನೇಲೇ ಬಿಟ್ಟು ಬಂದ್ರಾ?” ಎಂದಳು ಚಿಪ್ಪಿ ಹೆಕ್ಕುತ್ತಿದ್ದ ದುರ್ಗಿ.

ಜನ ಗೊಳ್ಳೆಂದು ನಕ್ಕರು. ಮಾಂತ್ರಿಕ ಒಂದು ಹಿಡಿ ಬೂದಿ ಊದಿದ. ಎಲ್ಲರೂ ಉಲ್ಲಂಕಿ ಹಕ್ಕಿಗಳಾದರು. ಉದ್ದ ಕೊಕ್ಕು, ಕಡ್ಡಿ ಕಾಲು. ತಾನು ಗಿಡುಗನಾಗಿ ದಡದ ಪೊದೆ ಹೊಕ್ಕ.

“ಇಳಿತಕ್ಕೊಬ್ಬರನ್ನು ಹಿಡಿದು ಪಂಜರಕ್ಕೆ ಹಾಕ್ತೀನಿ. ಮೂವರಾದ ಕೂಡಲೇ ಹುರಿದು ತಿಂತೀನಿ!”

ಮೊದಲ ಇಳಿತ. ಹಕ್ಕಿಯ ಹಸಿವು ಮನುಷ್ಯರ ಹಸಿವಲ್ಲ. ಎಲ್ಲರೂ ಕೆಸರಿಗೆ ಕೊಕ್ಕು ಚುಚ್ಚಿ ಹುಳ ಎಳೆಯುತ್ತಿದ್ದರು, ಒಬ್ಬರೂ ತಲೆಯೆತ್ತಲಿಲ್ಲ. ಗಿಡುಗ ನೆಲಮಟ್ಟದಲ್ಲಿ ಹಾರಿ ಬಂದ. ದಿಕ್ಕಿಗೊಬ್ಬರು ಚದುರಿದರು. ಒಂಟಿಯಾಗಿ ಹಾರಿದ ಒಬ್ಬಳು ಮುದುಕಿ ಸಿಕ್ಕಿಬಿದ್ದಳು.

ಎರಡನೆಯ ಇಳಿತ. ದುರ್ಗಿಯ ಗಂಡ ಜಟ್ಟು ಪೊದೆಯತ್ತ ಹೆಜ್ಜೆ ಹಾಕಿದ.

“ಅತ್ಲಾಗೆ ಹೋಗ್ಬೇಡಿ! ಅವ್ನು ಅಲ್ಲೇ ಅವಿತಿರ್ತಾನೆ.”

“ದಪ್ಪ ಹುಳ ಇರೋದೂ ಅಲ್ಲೇ ಕಣೇ. ನಾಲ್ಕೇ ನಾಲ್ಕು, ಬಂದ್ಬಿಟ್ಟೆ.”

ನಾಲ್ಕನೆಯದು ಕೊಕ್ಕಿಗೆ ಸಿಕ್ಕಿತು. ಜಟ್ಟು ಗಿಡುಗನ ಉಗುರಿಗೆ ಸಿಕ್ಕಿದ.

ದುರ್ಗಿ ಅಳಲಿಲ್ಲ. ಕಣ್ಣಿಟ್ಟು ನೋಡಿದಳು. ಅಷ್ಟು ತಗ್ಗಿನಲ್ಲಿ ಹಾರಿದರೂ ಗಿಡುಗ ಒಂದು ಗರಿಗೂ ಕೆಸರು ತಾಗಗೊಡಲಿಲ್ಲ. ಹೊತ್ತು ದಾಟಿಸಿ ಅಂದವನೂ ಇವನೇ ಅಲ್ಲವೇ!

“ಅವ್ನ ಮಂತ್ರಕ್ಕೆ ಕೆಸರು ಅಂದ್ರೆ ಭಯ” ಎಂದಳು. “ನಾವೋ, ಕಾಯೋದನ್ನೇ ಮರೆತ್ವಿ. ಮುಂದಿನ ಇಳಿತಕ್ಕೆ ನಾನು ಕಾಯ್ತೀನಿ. ಪೊದೆ ಹತ್ತಿರ ಯಾರೂ ಸುಳೀಬೇಡಿ. ನಾನು ಕೂಗಿದ್ರೆ ಬಾಯಲ್ಲಿದ್ದದ್ದನ್ನೂ ಬಿಟ್ಟು ಏಳ್ಬೇಕು. ಒಟ್ಟಿಗೇ, ಒತ್ತೊತ್ತಾಗಿ.”

“ನಿನ್ನ ಹೊಟ್ಟೆ?” ಎಂದರು ಹಿಂಡಿನಲ್ಲೊಬ್ಬರು.

“ಸುಮ್ನಿರು ಅಂತ ಹೇಳಿದ್ದೀನಿ ಅದಕ್ಕೆ.”

ಮೂರನೆಯ ಇಳಿತ. ಎಲ್ಲರೂ ತಿಂದರು, ದುರ್ಗಿ ನಿಂತಳು. ದಪ್ಪ ಹುಳವೊಂದು ಅವಳ ಕಾಲಬೆರಳ ಮೇಲೇ ಹರಿದುಹೋಯಿತು. ಅವಳ ಕಣ್ಣು ಪೊದೆ ಬಿಟ್ಟು ಕದಲಲಿಲ್ಲ. ಎಲೆ ಅಲುಗಿತು. ದುರ್ಗಿ ಕೂಗಿದಳು.

ಇಡೀ ಹಿಂಡು ಒಂದೇ ಮೈಯಾಗಿ ಎದ್ದಿತು. ಹೊರಳಿದರೆ ಕಪ್ಪು ಬೆನ್ನು, ಮತ್ತೆ ಹೊರಳಿದರೆ ಬಿಳಿ ಹೊಟ್ಟೆ. ಯಾರನ್ನು ಹಿಡಿಯಲಿ ಎಂದು ಗಿಡುಗನ ಕಣ್ಣು ಕತ್ತಲೆಗಟ್ಟಿತು. ಆಗ ದುರ್ಗಿ ಹಿಂಡಿನಿಂದ ಒಬ್ಬಳೇ ಕೆಳಕ್ಕೆ ಧುಮುಕಿದಳು. ಗಿಡುಗ ರೆಕ್ಕೆ ಮಡಚಿ ಬೆನ್ನಟ್ಟಿದ. ಕೆಸರು ಇನ್ನೊಂದು ಗೇಣಿದೆ ಎನ್ನುವಾಗ ದುರ್ಗಿ ಪಕ್ಕಕ್ಕೆ ತಿರುಗಿದಳು. ಗಿಡುಗನಿಗೆ ತಿರುಗಲಾಗಲಿಲ್ಲ.

ಧೊಪ್!

ಮಂತ್ರ ಉಪ್ಪಿನಂತೆ ಕರಗಿತು. ಪಂಜರ ಒಡೆಯಿತು, ಹಕ್ಕಿಗಳೆಲ್ಲ ಮನುಷ್ಯರಾದರು. ಕಿಲುಬಯ್ಯ ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದ.

“ಇನ್ನು ನಡೀರಿ ಸ್ವಾಮೀ” ಎಂದಳು ದುರ್ಗಿ.

ಅವನು ನಡೆದೇ ರಾಜ್ಯ ಬಿಟ್ಟ. ಅಂದು ಎಲ್ಲರೂ ದುರ್ಗಿಯ ಬುಟ್ಟಿಗೆ ಒಂದೊಂದು ಬೊಗಸೆ ಚಿಪ್ಪಿ ಹಾಕಿದರು. ಜಟ್ಟು ಮಾತ್ರ ಮತ್ತೆ ಮತ್ತೆ ಬಗ್ಗಿ ನಾಲ್ಕು ಬೊಗಸೆ ಹಾಕಿದ.

“ನಾಲ್ಕೇ ನಾಲ್ಕು” ಎಂದ, ತಲೆ ತಗ್ಗಿಸಿ.

ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಕಾದವರು ಒಂದು ತುತ್ತು ಹೆಚ್ಚೇ ಉಂಡರು.