ಫೋಟೋದಾಗಿನ ಹುಡುಗಿನ್ನ ಕರೀರಿ

“ಮೇಡಂ, ನಿಲ್ರಿ! ಆ ಕೈಲೆ ಲೆಹೆಂಗಾ ಮುಟ್ಟಬ್ಯಾಡ್ರಿ!”

ಸೃಷ್ಟಿ ಗಕ್ಕನೆ ನಿಂತಳು. ಮದುಮಗಳ ದುಪಟ್ಟಾಕ್ಕೆ ಪಿನ್ನು ಹಾಕಲು ಚಾಚಿದ್ದ ಕೈ ಹಾಗೇ ಉಳಿಯಿತು.

ಸೊನ್ನದ ಬ್ಯಾರೇಜಿನ ಹತ್ತಿರ, ಭೀಮೆಯ ದಂಡೆಯ ಮೇಲೆ ಅವತ್ತು ಕಂಡದ್ದೆಲ್ಲ ಬಿಳಿ. ಬಿಳಿ ಪರದೆ, ಬಿಳಿ ಬಲೂನು, ಬೆಳಿಗ್ಗೆಯಷ್ಟೇ ಬಿಳಿ ಪೇಂಟು ಬಳಿದ ಕುರ್ಚಿಗಳು, ನಡುವೆ ಬಿಳಿ ಲೆಹೆಂಗಾ ತೊಟ್ಟ ಮದುಮಗಳು. ಜೇವರ್ಗಿಯ ಸಾಹುಕಾರರ ಒಬ್ಬಳೇ ಮಗಳು. ಮದುವೆಗೆ ಮುಂಚಿನ ಫೋಟೋಗಳೆಲ್ಲ ಬಿಳಿಯಲ್ಲೇ ಆಗಬೇಕೆಂದು ಹಟ ಹಿಡಿದಿದ್ದಳು. ಅವಳಿಗೆ ಮೇಕಪ್ ಮಾಡಲು ಆಳಂದದಿಂದ ಬಂದವಳು ಸೃಷ್ಟಿ.

ಕೂಗಿದವನು ಫೋಟೋಗ್ರಾಫರ್ ಕಲ್ಲಿನಾಥ. ಆಳಂದದ ಬಸ್ ನಿಲ್ದಾಣದ ಎದುರು ಹೊಸದಾಗಿ ಸ್ಟುಡಿಯೋ ಹಾಕಿದ್ದ. ಸೃಷ್ಟಿ ಅವನನ್ನು ನೋಡಿದ್ದು ಅದೇ ಮೊದಲು. ಒದ್ದೆ ಬಟ್ಟೆ ಹಿಡಿದು ಓಡಿಬಂದವನೇ ಅವಳ ಮುಂಗೈ ಹಿಡಿದು ಉಜ್ಜತೊಡಗಿದ.

“ಕುರ್ಚಿ ಪೇಂಟ್ ಹತ್ಯಾದ ನೋಡ್ರಿ. ಹಸಿ ಇದ್ದಾಗ ಒರಸಿದ್ರ ಹೋಗ್ತದ...”

ಒಮ್ಮೆ ಉಜ್ಜಿದ. ಮತ್ತೊಮ್ಮೆ ಉಜ್ಜಿದ. ಬಿಳಿ ಹೋಗಲಿಲ್ಲ.

“ಹೋಗಂಗಿಲ್ರಿ,” ಸೃಷ್ಟಿ ಮೆಲ್ಲಗೆ ಅಂದಳು. “ಅದು ಪೇಂಟ್ ಅಲ್ಲ.”

ಪಿನ್ನು ಹಾಕಲು ಜಂಪರದ ಉದ್ದ ತೋಳು ಮೇಲಕ್ಕೆ ಮಡಚಿದ್ದೇ ತಪ್ಪಾಗಿತ್ತು! ಮುಂಗೈಯಿಂದ ಮೊಣಕೈವರೆಗೆ ಹಬ್ಬಿದ್ದ ಮಚ್ಚೆಗಳು ಬಿಸಿಲಿಗೆ ಬಿದ್ದವು. ಮದುಮಗಳ ತಾಯಿ ವಿದ್ಯಾವತಿ ಹತ್ತಿರ ಬಂದು ಕಣ್ಣು ಕಿರಿದು ಮಾಡಿದಳು.

“ಯವ್ವಾ... ತೊನ್ನು! ಈ ಕೈಲೇನ ನನ್ನ ಮಗಳ ಮಾರಿ ಮುಟ್ಟಿದಿ ಏನ್ ಬೇ?”

“ಅಕ್ಕಾರ, ಇದು ಹತ್ತೋ ರೋಗ ಅಲ್ರಿ...”

“ಬಾಯಿ ಮುಚ್ಚು! ಶುಭಕಾರ್ಯದಾಗ ಮೈ ಮುಚ್ಚಕೊಂಡು ಬಂದು ಮೋಸ ಮಾಡ್ತಿ?”

ಎರಡು ತಾಸು ಕೂತು ಹಚ್ಚಿದ ಮೇಕಪ್ಪನ್ನು ಸಾಬೂನು ಹಾಕಿ ತೊಳೆದರು. ಸೃಷ್ಟಿಯ ಮೇಕಪ್ ಪೆಟ್ಟಿಗೆಯನ್ನು ಯಾರೋ ಕಾಲಿನಿಂದ ಆಚೆ ತಳ್ಳಿದರು. ಕೈಯಲ್ಲಿ ಮುಟ್ಟುವ ಧೈರ್ಯ ಆ ದೊಡ್ಡ ಮನೆಯವರಲ್ಲಿ ಒಬ್ಬರಿಗೂ ಇರಲಿಲ್ಲ.

ಕಲ್ಲಿನಾಥ? ಒದ್ದೆ ಬಟ್ಟೆ ಹಿಡಿದು ಕಂಬದಂತೆ ನಿಂತಿದ್ದ. ಸೃಷ್ಟಿ ರಸ್ತೆಗೆ ಹತ್ತಿ ತಿರುಗಿ ನೋಡಿದಾಗ ಅವನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದ. ಶೂಟಿಂಗ್ ನಡೆದಿತ್ತು!

ಸೃಷ್ಟಿ ಆಳಂದ ಮುಟ್ಟುವುದರೊಳಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಫೋನಿನ ಮೇಲೆ ಫೋನು. “ತಂಗಿ, ನಮ್ಮ ಹುಡುಗಿ ಮೇಕಪ್ಪಿಗಿ ಬ್ಯಾರೇದವರು ಸಿಕ್ಕಾರ...” ಎಲ್ಲರದೂ ಎಷ್ಟು ಸಿಹಿ ದನಿ!

ಆಳಂದದ ಹತ್ತಿರದ ತನ್ನೂರು ಸರಸಂಬಾದ ಮನೆಯಲ್ಲಿ ತಾಯಿ ಗುರುಶಾಂತಮ್ಮ ತಲೆ ಚಚ್ಚಿಕೊಂಡಳು. “ತೋಳು ಮಡಚಬ್ಯಾಡ ಅಂತ ಎಷ್ಟ ಸಲ ಹೇಳೇನಿ? ಇನ್ನ ನಿನ್ನ ಯಾರು ಮಾಡ್ಕೋತಾರ ಬೇ!”

ವಾರದ ನಂತರ ಕಲ್ಲಿನಾಥ ಆಳಂದದ ಅವಳ ಖಾಲಿ ಬ್ಯೂಟಿ ಪಾರ್ಲರಿನ ಬಾಗಿಲಿಗೆ ಬಂದು ನಿಂತ.

“ಬೇಕಂತ ಮಾಡಿಲ್ರಿ ನಾ.”

“ಅದು ಗೊತ್ತದರಿ. ಆಮ್ಯಾಲೆ ಅವರು ಬೈಯಾಕತ್ತಾಗ ಯಾಕ ಸುಮ್ಮನ ನಿಂತ್ರಿ?”

ಅವನು ತಲೆ ತಗ್ಗಿಸಿದ. “ಅಂಜಿದೆರಿ.”

ನೆಪ ಹೇಳಿದ್ದರೆ ಬಾಗಿಲು ಹಾಕುತ್ತಿದ್ದಳು. ಅಂಜಿದೆ ಎಂದವನಿಗೆ ಕೂರಲು ಸ್ಟೂಲು ಸರಿಸಿದಳು. ಅವನು ಮತ್ತೆ ಬಂದ, ಮತ್ತೆ ಮತ್ತೆ ಬಂದ. ಎದುರಿನ ಹೋಟೆಲಿನ ಚಹಾ ಎರಡು ಗ್ಲಾಸಾಯಿತು.

ಒಂದು ದಿನ ಕೇಳಿದ: “ಸ್ಟುಡಿಯೋದ ಮುಂದ ದೊಡ್ಡ ಫೋಟೋ ಹಾಕ್ಬೇಕಾಗ್ಯಾದ. ಬಿಳಿ ಥೀಮ್. ನೀವು ಮದಿಮಗಳಾಗಿ ನಿಲ್ತೀರೇನ್ರಿ?”

“ನನ್ನ ಮೈಯಾಗ ಬಿಳಿ ಅದ ಅಂತ ಕೇಳಾಕತ್ತೀರೇನು?” ಅವಳ ದನಿ ಕತ್ತರಿಯಾಯಿತು.

“ಅಲ್ರಿ. ಮದಿಮಗಳು ಅಂದ್ರ ನನ್ನ ಕಣ್ಣಮುಂದ ನೀವೇ ಬರ್ತೀರಿ... ಅದಕ್ಕ.”

ಜೇವರ್ಗಿ ದಾರಿಯಲ್ಲಿ ಹತ್ತಿ ಒಡೆದು ಹೊಲ ಬಿಳಿಯಾಗಿತ್ತು. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಸೃಷ್ಟಿ ಗಿಡ್ಡ ತೋಳಿನ ಜಂಪರ ತೊಟ್ಟಳು. ಬಿಳಿ ಸೀರೆಯುಟ್ಟು ಹೊಲದ ನಡುವೆ ನಿಂತಾಗ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

“ಕೈ ಮುಂದ ತರ್ರಿ. ಮುಚ್ಚಬ್ಯಾಡ್ರಿ.”

ತಂದಳು. ಗಾಳಿ ಆ ಮಚ್ಚೆಗಳನ್ನು ಮುಟ್ಟಿತು. ಎಷ್ಟು ವರ್ಷವಾಗಿತ್ತು! *ಇವನ ಮುಂದೆ ನನಗೆ ನಾಚಿಕೆಯೇ ಆಗುತ್ತಿಲ್ಲವಲ್ಲ...* ಆ ಕ್ಷಣವೇ ಅವಳು ಅವನನ್ನು ಪ್ರೀತಿಸಿಬಿಟ್ಟಳು. ಪೂರ್ತಿಯಾಗಿ, ಹುಚ್ಚಿಯಂತೆ.

ಹದಿನೈದು ದಿನಕ್ಕೆ ಸ್ಟುಡಿಯೋದ ಮುಂದೆ ಫ್ಲೆಕ್ಸ್ ಏರಿತು. ಸೃಷ್ಟಿ ಪಾರ್ಲರಿಗೆ ಬೀಗ ಹಾಕಿ ಹೆಚ್ಚುಕಡಿಮೆ ಓಡುತ್ತಲೇ ಹೋದಳು.

ಹತ್ತಿ ಹೊಲ ಇತ್ತು. ಬಿಳಿ ಸೀರೆ ಇತ್ತು. ಅವಳ ನಗು ಇತ್ತು.

ಮಚ್ಚೆಗಳಿರಲಿಲ್ಲ.

ಕೈ ನುಣ್ಣಗೆ, ಒಂದೇ ಬಣ್ಣ. ಯಾರದೋ ಕೈ ತಂದು ಅವಳ ಭುಜಕ್ಕೆ ಅಂಟಿಸಿದಂತಿತ್ತು.

“ಚಂದ ಅದಾಳಲ್ಲ ಹುಡುಗಿ!” ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತಿದ್ದ ಸೃಷ್ಟಿಗೇ ಹೇಳಿದಳು. ಗುರುತು ಹಿಡಿಯಲಿಲ್ಲ.

ಸೃಷ್ಟಿ ಸ್ಟುಡಿಯೋದ ಒಳಗೆ ಹೋಗಲಿಲ್ಲ. ಅವನ ನಂಬರು ಬ್ಲಾಕ್ ಮಾಡಿ, ಸರಸಂಬಾದ ಬಸ್ಸು ಹತ್ತಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. *ಆ ದೊಡ್ಡ ಮನೆಯವರು ಕಾಲಿನಿಂದ ತಳ್ಳಿದರು, ಇವನು ಪ್ರೀತಿಯಿಂದ ತಳ್ಳಿದ. ಅಷ್ಟೇ ವ್ಯತ್ಯಾಸ!*

ಅದೇ ಫ್ಲೆಕ್ಸ್ ನೋಡಿ ಅಫಜಲಪುರದಿಂದ ಒಂದು ಸಂಬಂಧ ಬಂತು. ಗುರುಶಾಂತಮ್ಮ ಆನಂದದಿಂದ ಹಿಗ್ಗಿದಳು. ಹೆಣ್ಣು ನೋಡಿ ಒಪ್ಪಿಗೆಯಾದರೆ ಅವತ್ತೇ ಸಕ್ಕರೆ ಹಂಚಿ ನಿಶ್ಚಯ ಮಾಡುವುದೆಂದು, ಫೋಟೋ ತೆಗೆಯಲು ಕಲ್ಲಿನಾಥನಿಗೇ ಹೇಳಿ ಕಳಿಸಿದಳು! ವರನ ಕಡೆಯವರು ಬಂದ ದಿನ ಅವನು ಪಡಸಾಲೆಯ ಮೂಲೆಯಲ್ಲಿ ಕ್ಯಾಮೆರಾ ಹಿಡಿದು ಕೂತ.

“ಫುಲ್ ತೋಳಿಂದು ತೊಡು,” ಒಳಗೆ ತಾಯಿ ಪಿಸುಗುಟ್ಟಿದಳು. “ಅಕ್ಕಿಕಾಳ ಬಿದ್ದು ಲಗ್ನ ಆದ ಮ್ಯಾಲೆ ನೋಡ್ಕೊಳ್ಳೋಣು.”

ಸೃಷ್ಟಿ ಮುಖ ತೊಳೆದಳು. ಪೌಡರು ಹಚ್ಚಲಿಲ್ಲ. ಹತ್ತಿ ಹೊಲದಲ್ಲಿ ತೊಟ್ಟ ಅದೇ ಗಿಡ್ಡ ತೋಳಿನ ಜಂಪರ ತೊಟ್ಟು, ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು.

ವರನ ಸೋದರತ್ತೆ ಅವಳ ಕೈಗಳನ್ನು ನೋಡಿ, ತಟ್ಟೆಯನ್ನು ನೋಡಿ, ಚಹಾ ಮುಟ್ಟದೆ ನಕ್ಕಳು.

“ಇಕಿನ್ನಲ್ರಿ ಅಕ್ಕಾರ. ಫೋಟೋದಾಗಿನ ಹುಡುಗಿನ್ನ ಕರೀರಿ.”

ಯಾರೋ ಕಿಸಕ್ಕನೆ ನಕ್ಕರು. ಸೃಷ್ಟಿ ಕೈ ಇಳಿಸಲಿಲ್ಲ.

“ಫೋಟೋದಾಗ ಇದ್ದಾಕಿ ಇಕೀನ ರೀ.” ಮೂಲೆಯಿಂದ ಕಲ್ಲಿನಾಥ ಎದ್ದು ನಿಂತಿದ್ದ. “ಮಚ್ಚೆ ಅಳಸ್ದಾಂವ ನಾನು. ಸುಳ್ಳು ನಂದು, ಆಕಿದಲ್ಲ.”

“ಭಾರಿ ಸಾಚಾ ಆದೆಲೇ!” ವರನ ತಂದೆ ಎದ್ದು ಅವನ ಕೊರಳಪಟ್ಟಿ ಹಿಡಿದ. “ನಾಳಿಂದ ನಿನ್ನ ಸ್ಟುಡಿಯೋಕ್ಕ ಯಾರು ಬರ್ತಾರ ನೋಡೇ ಬಿಡ್ತೇನಿ.”

“ಬರ್ದಿದ್ರ ಬ್ಯಾಡ್ರಿ. ಹೋದ ಸಲ ಅಂಜಿ ಸುಮ್ಮನ ನಿಂತಿದ್ದೆ. ಇವತ್ತ ನಿಲ್ಲಂಗಿಲ್ಲ.”

ವರನ ಕಡೆಯವರು ಎದ್ದು ಹೋದರು. ಸಕ್ಕರೆಯ ತಟ್ಟೆ ಮುಚ್ಚಿದಂತೆಯೇ ಉಳಿಯಿತು. ಗುರುಶಾಂತಮ್ಮ ಗೋಡೆಗೆ ಒರಗಿ ಕುಸಿದಳು.

“ನಾನ ಸ್ಟುಡಿಯೋಕ್ಕ ಹೋಗಿ ಅಳಸಾಕ ಹೇಳಿದ್ದೆ ಬೇ... ನಿನಗೊಂದು ಮನಿ ಸಿಗಲಿ ಅಂತ...”

ಸೃಷ್ಟಿ ಕಲ್ಲಿನಾಥನತ್ತ ತಿರುಗಿದಳು. “ಅವ್ವ ಹೇಳಿದ್ಳು, ನೀವು ಅಳಸಿದ್ರಿ. ನನ್ನ ಒಂದು ಮಾತು ಕೇಳ್ಬೇಕಂತ ಅನಿಸ್ಲಿಲ್ಲೇನು?”

“ಅಳಸ್ರಿ ಅಂತ ನೀವೇ ಹೇಳಿ ಕಳಿಸೀರಿ ಅಂದ್ರು ಅವ್ವಾರು. ನಿಮಗೇ ಅದು ಬ್ಯಾಡಾಗ್ಯಾದ ಅನ್ಕೊಂಡೆ.”

“ಮೊದಲ ಸಲ ಒರಸಾಕ ಬಂದ್ರಿ. ಎರಡನೇ ಸಲ ಅಳಸೇ ಬಿಟ್ರಿ.” ತಡೆದಿಟ್ಟ ಕಣ್ಣೀರು ಈಗ ಕೆನ್ನೆಗಿಳಿಯಿತು. “ಮೂರನೇ ಸಲ ಏನು ಮಾಡೋರದೀರಿ?”

ಅವನು ಕ್ಯಾಮೆರಾ ತೆಗೆದು ಕೆಳಗಿಟ್ಟ. ಬರಿಗೈ ಚಾಚಿದ.

“ಹಿಡ್ಕೋತೇನಿ. ನೀವು ಕೊಟ್ರ.”

ಸೃಷ್ಟಿ ಕೂಡಲೇ ಕೊಡಲಿಲ್ಲ. ತಾಯಿಯನ್ನು ನೋಡಿದಳು, ತಣ್ಣಗಾದ ಚಹಾ ನೋಡಿದಳು, ಚಾಚಿಯೇ ಇದ್ದ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಅವಮಾನ ಇನ್ನೂ ಎದೆಯಲ್ಲಿ ಉರಿಯುತ್ತಿತ್ತು. ಪ್ರೀತಿಯೂ ಅಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ.

ಕೊನೆಗೆ ತನ್ನ ಮುಂಗೈ ಅವನ ಅಂಗೈಯಲ್ಲಿಟ್ಟಳು. ಅವನು ಹಿಡಿದ... ಈ ಸಲ ಉಜ್ಜಲಿಲ್ಲ.

“ಲಗ್ನದಾಗ ಬಿಳಿ ಥೀಮ್ ಬ್ಯಾಡ್ರಿ ನನಗ,” ಮೂಗು ಒರೆಸಿಕೊಳ್ಳುತ್ತ ಅಂದಳು.

“ಮತ್ತ?”

“ಹಸರ ಸೀರಿ. ಕೈ ತುಂಬ ಹಸರ ಬಳಿ. ಗಿಡ್ಡ ತೋಳಿನ ಜಂಪರ.”

“ಮತ್ತ?”

“ಮೊದಲ ಫೋಟೋ ನಂದು ತೆಗೀರಿ. ಫ್ಲೆಕ್ಸ್ ಹಾಕಿದ್ರಲ್ಲ, ಅದ ಜಾಗಾದಾಗ ಹಾಕ್ರಿ. ಬಸ್ಸಿಗಿ ನಿಂತ ಮಂದಿ ನೋಡಿ ನನ್ನ ಗುರ್ತು ಹಿಡೀಬೇಕು.”